ಬಿಲ್ಲು ಸೊನ್ನೆಯಾದರೂ ಅನರ್ಥದಂಡ ತಪ್ಪದು

ಕಳೆದ ತಿಂಗಳು ಮೀಟರು ಓದುವವರು ಬಂದು ವಿದ್ಯುತ್ ಬಿಲ್ಲು ಕೊಟ್ಟು ಹೋದರು. ಪಾವತಿಸಬೇಕಾದ ಮೊತ್ತದ ಎದುರು ಸೊನ್ನೆ ಇತ್ತು. ಅದೇ ಸಂಜೆ, ಯಾರೂ ಇಲ್ಲದ ನಡುಮನೆಯಲ್ಲಿ ತಿರುಗುತ್ತಿದ್ದ ಫ್ಯಾನನ್ನು ನಾನು ನಿಲ್ಲಿಸಿದಾಗ ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗ ಕೇಳಿದ: ‘ಅಜ್ಜ, ಬಿಲ್ಲು ಸೊನ್ನೆ ಬಂದಿದೆಯಲ್ಲ, ಈಗಲೂ ಯಾಕೆ ಆರಿಸ್ತೀರಿ?’ ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಮಕ್ಕಳ ಪ್ರಶ್ನೆಗಳನ್ನು ಕೇಳಿಸಿಕೊಂಡ ನನಗೆ ಆಗ ತೋಚಿದ್ದು ‘ಅಭ್ಯಾಸ’ ಎಂಬ ಒಂದೇ ಮಾತು. ಅದು ಉತ್ತರವಲ್ಲವೆಂದು ಅವನ ಮುಖವೇ ಹೇಳುತ್ತಿತ್ತು.

ಇಷ್ಟು ಕಾಲ ನಾವು ಮಕ್ಕಳಿಗೆ ಕಲಿಸಿದ್ದು ‘ದುಡ್ಡು ಹಾಳಾಗುತ್ತದೆ, ದೀಪ ಆರಿಸು’ ಎಂದೇ. ರಾಜ್ಯದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದ ಮೇಲೆ, ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಯಾದಷ್ಟು ವಿದ್ಯುತ್ತು ಮನೆಗಳಿಗೆ ಉಚಿತವಾಗಿ ದೊರೆಯುತ್ತಿದೆ. ಬಡವರ ಮನೆಗೆ ಅದೊಂದು ದೊಡ್ಡ ಆಸರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ದುಡ್ಡಿನ ಕಾರಣ ಇಲ್ಲವಾದ ಮೇಲೆ ಸಂಯಮಕ್ಕೆ ನಮ್ಮ ಬಳಿ ಬೇರೆ ಕಾರಣ ಉಳಿದಿದೆಯೇ ಎಂಬುದೇ ಮೊಮ್ಮಗನ ಪ್ರಶ್ನೆಯ ತಿರುಳು.

ಉಳಿದಿದೆ. ಶ್ರಾವಕರ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿ ಎಂಬುದೊಂದು. ಇಲ್ಲಿ ದಂಡವೆಂದರೆ ಶಿಕ್ಷೆಯಲ್ಲ, ಮನ-ವಚನ-ಕಾಯಗಳಿಂದ ನಡೆಯುವ ಹಿಂಸೆಯ ಪ್ರವೃತ್ತಿ. ಅನರ್ಥವೆಂದರೆ ಪ್ರಯೋಜನವಿಲ್ಲದ್ದು. ಗೃಹಸ್ಥನು ಒಲೆ ಹಚ್ಚಲೇಬೇಕು, ನೀರು ಬಳಸಲೇಬೇಕು. ಅದರಲ್ಲಿ ಸೂಕ್ಷ್ಮ ಹಿಂಸೆ ಇದ್ದೇ ಇರುತ್ತದೆ ಎಂಬುದನ್ನು ನಮ್ಮ ಆಚಾರ್ಯರು ಬಲ್ಲರು. ಮುನಿಗಳ ಮಹಾವ್ರತವನ್ನು ಅವರು ಗೃಹಸ್ಥನ ಮೇಲೆ ಹೇರಲಿಲ್ಲ. ಯಾರಿಗೂ ಉಪಯೋಗವಿಲ್ಲದ ಹಿಂಸೆಯನ್ನಾದರೂ ಬಿಡು ಎಂದಷ್ಟೇ ಕೇಳಿದರು.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಒಂದು ಪ್ರಮಾದಚರ್ಯೆ, ಅಂದರೆ ಎಚ್ಚರಗೇಡಿ ನಡೆ. ಅದಕ್ಕೆ ಅವರು ಕೊಡುವ ಉದಾಹರಣೆಗಳನ್ನು ಗಮನಿಸಿ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಾಳಿ ಬೀಸುವುದು, ಗಿಡ ಕಡಿಯುವುದು, ಸುಮ್ಮನೆ ತಿರುಗುವುದು, ಇತರರನ್ನು ತಿರುಗಿಸುವುದು. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು, ತುಂಬಿ ಹರಿಯುವ ಟ್ಯಾಂಕು, ಸ್ನಾನ ಮುಗಿದರೂ ಕಾಯುತ್ತಲೇ ಇರುವ ಗೀಸರ್, ಪಕ್ಕದ ಬೀದಿಗೂ ಹೊರಡುವ ಸ್ಕೂಟರು ಇವೆಲ್ಲ ವಿದ್ಯುತ್ತಿನ ಹೆಸರೇ ಇಲ್ಲದ ಕಾಲದ ಆ ಪಟ್ಟಿಯೊಳಗೆ ಬಂದುಬಿಡುತ್ತವೆ.

‘ಸ್ವಿಚ್ಚು ಒತ್ತುವುದರಲ್ಲಿ ಹಿಂಸೆ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ ಚರ್ಚೆ ನಮ್ಮ ವಿದ್ವಾಂಸರಲ್ಲಿ ನಡೆದಿದೆ. ಅದನ್ನು ಬದಿಗಿಡೋಣ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುವುದಂತೂ ದಿಟ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಬರಬೇಕಾದರೆ ಅರ್ಧ ಕಿಲೋಗ್ರಾಂಗಿಂತಲೂ ಹೆಚ್ಚು ಕಲ್ಲಿದ್ದಲು ಉರಿದು ಹೊಗೆ-ಬೂದಿಯಾಗಬೇಕು. ಆ ಒಲೆಯನ್ನು ನಾವು ಕೈಯಾರೆ ಹಚ್ಚಿಲ್ಲ, ನಿಜ. ಆದರೆ ನಮ್ಮ ಧರ್ಮದಲ್ಲಿ ಪಾಪದ ಲೆಕ್ಕ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಬರುತ್ತದೆ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಸ್ವಿಚ್ಚು ಒತ್ತುವವನು ದೂರದಲ್ಲಿ ಬೆಂಕಿ ಹಾಕಿಸುವವನು. ಸರ್ಕಾರ ಬಿಲ್ಲು ಕಟ್ಟಬಹುದು. ಕಾರಿತದ ಪಾಲನ್ನು ನಮ್ಮ ಪರವಾಗಿ ಯಾರೂ ಕಟ್ಟಲಾರರು.

ಜಲವಿದ್ಯುತ್ತಿನಲ್ಲಿ ಹೊಗೆಯಿಲ್ಲವೆಂದು ಸಮಾಧಾನ ಪಡುವಂತಿಲ್ಲ. ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಶಿಕ್ಷಕನಾಗಿದ್ದಾಗ ಮಕ್ಕಳನ್ನು ಲಿಂಗನಮಕ್ಕಿ ಅಣೆಕಟ್ಟು ನೋಡಲು ಕರೆದೊಯ್ಯುತ್ತಿದ್ದೆ. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟೋ ಊರು, ಗದ್ದೆ, ಕಾಡು ಮುಳುಗಿವೆ; ಸಾವಿರಾರು ಕುಟುಂಬಗಳು ಮನೆ ಬಿಟ್ಟಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತಿ ಕಾಣುತ್ತದೆ. ಅದೇ ಶರಾವತಿಯ ಕೆಳಕಣಿವೆಯಲ್ಲಿ, ಗೇರುಸೊಪ್ಪೆಯ ಕಾಡಿನ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿ ನಿಂತಿದೆ. ಸಿಂಗಳೀಕಗಳು ಬದುಕುವ ಆ ಕಣಿವೆಯಲ್ಲಿ ಈಗ 2000 ಮೆಗಾವ್ಯಾಟ್ ಸಾಮರ್ಥ್ಯದ ಭೂಗತ ವಿದ್ಯುತ್ ಯೋಜನೆಯ ಮಾತು ನಡೆದಿದೆ. ಬೇಡಿಕೆ ಕಡಿಮೆ ಇರುವಾಗ ನೀರನ್ನು ಮೇಲಕ್ಕೆತ್ತಿ, ಹೆಚ್ಚಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ತು ಪಡೆಯುವ ಕ್ರಮವದು. ಅದರ ಸರಿ-ತಪ್ಪುಗಳನ್ನು ಬಲ್ಲವರು ಚರ್ಚಿಸಲಿ. ಹೆಚ್ಚಿದ ಆ ಬೇಡಿಕೆಯಲ್ಲಿ ನಮ್ಮ ಖಾಲಿ ಕೋಣೆಯ ಫ್ಯಾನಿನ ಪಾಲೂ ಇದೆ ಎಂಬುದನ್ನಷ್ಟೇ ನಾನು ಹೇಳಬಲ್ಲೆ.

‘ಒಂದು ಮನೆಯ ಫ್ಯಾನಿನಿಂದ ಏನಾದೀತು?’ ಎಂಬ ಮಾತೂ ಇದೆ. ಗಣಿತ ಕಲಿಸಿದವನಾಗಿ ಲೆಕ್ಕವನ್ನೇ ಮುಂದಿಡುತ್ತೇನೆ. 75 ವ್ಯಾಟ್‌ನ ಹಳೆಯ ಫ್ಯಾನು ದಿನಕ್ಕೆ 10 ತಾಸು ತಿರುಗಿದರೆ ಮುಕ್ಕಾಲು ಯೂನಿಟ್. ಈಗಿನ ಬಿಎಲ್‌ಡಿಸಿ ಫ್ಯಾನು ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಅದೇ ಗಾಳಿ ಕೊಡುತ್ತದೆ. 2000 ವ್ಯಾಟ್‌ನ ಗೀಸರ್ ಅರ್ಧ ತಾಸಿನಲ್ಲಿ ಒಂದು ಯೂನಿಟ್ ನುಂಗುತ್ತದೆ. ರಿಮೋಟಿನಿಂದ ಮಾತ್ರ ಆರಿಸಿ ಗೋಡೆಯ ಸ್ವಿಚ್ಚು ಹಾಗೆಯೇ ಬಿಟ್ಟ ಟೀವಿ ಪೆಟ್ಟಿಗೆ 10 ವ್ಯಾಟ್ ಎಳೆಯುತ್ತಿದ್ದರೆ ವರ್ಷಕ್ಕೆ 87 ಯೂನಿಟ್ ದಾಟುತ್ತದೆ. ಯಾರೂ ನೋಡದ, ಯಾರಿಗೂ ಬೇಡದ 87 ಯೂನಿಟ್! ಅನರ್ಥ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿಯದು. ನೀರೂ ಹಾಗೆಯೇ. ಬೆಂಗಳೂರಿನ ನಲ್ಲಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಏರಿಸಿದ ಮೇಲೆ. ಅಲ್ಲಿ ಚೆಲ್ಲಿದ ಒಂದು ಕೊಡ ನೀರಿನಲ್ಲಿ ವಿದ್ಯುತ್ತೂ ಚೆಲ್ಲಿಹೋಗುತ್ತದೆ.

ಇನ್ನು ನಮ್ಮ ಆಚರಣೆಯ ಮಾತು. ರಾತ್ರಿಭೋಜನ ತ್ಯಾಗ ಪಾಲಿಸುತ್ತಿದ್ದ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಒಲೆ ಆರುತ್ತಿತ್ತು. ದೀಪದ ಹುಳುಗಳು ಅನ್ನಕ್ಕೆ ಬೀಳದಿರಲಿ ಎಂಬ ಕರುಣೆಯೂ ಅದರಲ್ಲಿತ್ತು. ಇಂದು ಅಂಗಳದಲ್ಲಿ ರಾತ್ರಿಯಿಡೀ ಬಲ್ಬು ಉರಿಯುತ್ತದೆ. ಮಳೆಗಾಲದ ಬೆಳಗ್ಗೆ ಅದರ ಕೆಳಗೆ ಮಳೆಹುಳುಗಳ ರಾಶಿಯನ್ನು ನಾವೇ ಗುಡಿಸುತ್ತೇವೆ. ಪಂಚಕಲ್ಯಾಣದಂಥ ಮಹೋತ್ಸವಗಳಲ್ಲಿ ಜನರೆಲ್ಲ ಮಲಗಿದ ಮೇಲೂ ಬಸದಿಯ ಶಿಖರಕ್ಕೆ ಸುತ್ತಿದ ದೀಪಮಾಲೆ ಬೆಳಗಿನವರೆಗೆ ಉರಿಯುತ್ತದೆ. ವೀತರಾಗ ಜಿನನಿಗೆ ಅದರಿಂದ ಆಗಬೇಕಾದುದೇನು? ಪೂಜೆ ಮುಗಿದೊಡನೆ ಆರಿಸುವುದೇ ಅಹಿಂಸೆಗೆ ಹತ್ತಿರವಾದ ಭಕ್ತಿ ಎಂದು ನನ್ನ ಭಾವನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅದು ನನ್ನದೇ ತಪ್ಪಿನಿಂದ ಕಲಿತದ್ದು. ಎರಡು ವರ್ಷಗಳ ಹಿಂದೆ ಉಳಿತಾಯದ ಹುಮ್ಮಸ್ಸಿನಲ್ಲಿ ಗೀಸರಿನ ಸ್ವಿಚ್ಚನ್ನು ಬೆಳಗ್ಗೆ ಆರಕ್ಕೇ ಆರಿಸಿಬಿಡುತ್ತಿದ್ದೆ. ಮಂಡಿನೋವಿರುವ ನನ್ನ ಪತ್ನಿ ಮನೆಗೆಲಸ ಮುಗಿಸಿ ಎಂಟಕ್ಕೆ ತಣ್ಣೀರಿನಲ್ಲೇ ಸ್ನಾನ ಮಾಡುತ್ತಿದ್ದಳೆಂದು ತಿಳಿದದ್ದು ವಾರ ಕಳೆದ ಮೇಲೆ. ಅವಳು ಒಂದು ಮಾತೂ ಆಡಿರಲಿಲ್ಲ. ಅವಳ ಬಿಸಿನೀರು ಅನರ್ಥವಾಗಿರಲಿಲ್ಲ. ನನ್ನ ಸಂಯಮವೇ ಹಿಂಸೆಯಾಗಿತ್ತು. ವೃದ್ಧರ ಕೋಣೆಯ ಫ್ಯಾನು, ಓದುವ ಮಗುವಿನ ದೀಪ, ಅಡುಗೆಮನೆಯ ಸೆಕೆಯಲ್ಲಿ ದುಡಿಯುವವರಿಗೆ ಬೇಕಾದ ಗಾಳಿ ಇವು ಪ್ರಯೋಜನವುಳ್ಳವು. ಸಂಯಮವನ್ನು ತನ್ನಿಂದ ಆರಂಭಿಸಬೇಕೇ ಹೊರತು ಎದುರು ಮಾತನಾಡದವರ ಮೇಲೆ ಹೇರಬಾರದು.

ಎಲ್ಲವನ್ನೂ ಒಮ್ಮೆಗೇ ಮಾಡಬೇಕಾಗಿಲ್ಲ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಸಮಂತಭದ್ರರು ಯಮ, ನಿಯಮ ಎಂಬ ಎರಡು ದಾರಿ ತೋರಿಸಿದ್ದಾರೆ. ಜೀವನಪರ್ಯಂತ ಬಿಡುವುದು ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಎಂದು ಕಾಲ ಗೊತ್ತುಮಾಡಿಕೊಂಡು ಬಿಡುವುದು ನಿಯಮ. ಗೃಹಸ್ಥರಿಗೆ ನಿಯಮ ಸುಲಭ. ಈ ಚತುರ್ದಶಿಯಿಂದ ಮುಂದಿನ ಚತುರ್ದಶಿಯವರೆಗೆ ಒಂದೊಂದು ಮನೆ ಒಂದೇ ಒಂದು ನಿಯಮ ತೊಡಲಿ. ಕೋಣೆಯಿಂದ ಹೊರಬರುವವರೇ ಸ್ವಿಚ್ಚು ಆರಿಸುವುದು. ಬೇಳೆಯನ್ನು ನೆನೆಹಾಕಿ, ಪಾತ್ರೆಗೆ ಮುಚ್ಚಳ ಹಾಕಿಯೇ ಬೇಯಿಸುವುದು. ಹತ್ತಿರದ ದಾರಿಗೆ ನಡೆದೇ ಹೋಗುವುದು. ಇವುಗಳಲ್ಲಿ ಯಾವುದಾದರೂ ಆದೀತು. ಮೊದಲ ದಿನವೂ ಕೊನೆಯ ದಿನವೂ ಮೀಟರಿನ ಅಂಕಿಯನ್ನು ಮಕ್ಕಳ ಕೈಯಿಂದಲೇ ಬರೆಸಿ.

ಮೊಮ್ಮಗನಿಗೆ ಮರುದಿನ ಇಷ್ಟನ್ನೂ ಹೇಳಿದೆ. ಎಲ್ಲವೂ ಅವನಿಗೆ ಹಿಡಿಸಿತೆಂದು ಹೇಳಲಾರೆ. ಆದರೆ 87 ಯೂನಿಟ್‌ನ ಲೆಕ್ಕ ಅವನನ್ನು ತಟ್ಟಿತು. ಗುಣಾಕಾರವನ್ನು ತಾನೇ ಇನ್ನೊಮ್ಮೆ ಮಾಡಿ ನೋಡಿದ. ಈಗ ನಾನು ರಾತ್ರಿ ಮಲಗುವ ಮುನ್ನ ದಿನದ ದೋಷಗಳನ್ನು ನೆನೆದು ಪ್ರತಿಕ್ರಮಣಕ್ಕೆ ಕೂರುವ ಹೊತ್ತಿಗೆ ಅವನು ಮನೆಯ ಸ್ವಿಚ್ಚುಗಳನ್ನು ಒಂದು ಸುತ್ತು ನೋಡಿ ಬರುತ್ತಾನೆ. ಎರಡೂ ಒಂದೇ ಕೆಲಸವೆಂದು ನಾನು ಅವನಿಗೆ ಇನ್ನೂ ಹೇಳಿಲ್ಲ.