ನೀರುಗಂಟಿಯಿಲ್ಲದ ಕಟ್ಟಳೆ

ಯುಗಾದಿಗೆಂದು ಊರಿಗೆ ಬಂದಿದ್ದ ನನ್ನ ತಂಗಿಯ ಮಗ ಒಂದು ಹೊಸ ಬಗೆಯ ಸಂಘದ ವಿಚಾರ ಹೇಳಿದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. "ಮಾಮ, ಈ ಸಂಘಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಕಚೇರಿಯೂ ಇಲ್ಲ. ಕಟ್ಟಳೆಗಳನ್ನೆಲ್ಲ ಯಂತ್ರಕ್ಕೆ ಬರೆದುಕೊಟ್ಟಿರುತ್ತಾರೆ. ಸದಸ್ಯರು ಕೂತಲ್ಲಿಂದಲೇ ಮತ ಹಾಕುತ್ತಾರೆ. ಮತ ಬಂದಂತೆ ಹಣ ತಾನಾಗಿಯೇ ಹೊರಡುತ್ತದೆ. ಲಂಚ ತಿನ್ನುವುದಕ್ಕೆ ನಡುವೆ ಮನುಷ್ಯನೇ ಇಲ್ಲ" ಎಂದ. ಇದಕ್ಕೆ ವಿಕೇಂದ್ರಿತ ಸ್ವಾಯತ್ತ ಸಂಸ್ಥೆ ಎಂದು ಹೆಸರಂತೆ.

"ಒಬ್ಬೊಬ್ಬರಿಗೆ ಎಷ್ಟು ಮತ?" ಎಂದು ಕೇಳಿದೆ.

"ಸಾಮಾನ್ಯವಾಗಿ ಯಾರ ಹತ್ತಿರ ಎಷ್ಟು ಟೋಕನ್ ಇದೆಯೋ ಅಷ್ಟು."

"ಹಾಗಾದರೆ ಎಕರೆಗೊಂದು ಮತ ಅನ್ನು" ಎಂದೆ. ಹುಡುಗ ಸುಮ್ಮನಾದ.

ಅವನನ್ನು ಹಾಸ್ಯ ಮಾಡುವುದು ನನ್ನ ಉದ್ದೇಶವಲ್ಲ. ಮೇಲೊಬ್ಬ ಒಡೆಯನಿಲ್ಲದೆ ಜನ ಕೂಡಿ ಬಾಳುವ ಆಸೆ ದೊಡ್ಡ ಆಸೆ. ಆದರೆ ಆ ಆಸೆ ನೆಲೆಗೊಳ್ಳಬೇಕಾದರೆ ಕಟ್ಟಳೆ ಎಂಥದಿರಬೇಕು, ಅದನ್ನು ಯಾರು ಬರೆಯಬೇಕು, ಯಾರು ಕಾಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ಯಂತ್ರ ಅವುಗಳಿಗೆ ಉತ್ತರ ಕೊಡುವುದಿಲ್ಲ. ಈ ಬಗೆಯ ಸಂಸ್ಥೆಗಳಲ್ಲಿ ಬಹು ಹೆಸರಾದದ್ದು 2016ರಲ್ಲಿ ಹುಟ್ಟಿತು. ನಾನಾ ದೇಶಗಳ ಸಾವಿರಾರು ಜನ ಅದಕ್ಕೆ ಸುಮಾರು 15 ಕೋಟಿ ಡಾಲರು ಬೆಲೆಯ 'ಈಥರ್' ಎಂಬ ಡಿಜಿಟಲ್ ನಾಣ್ಯವನ್ನು ಹಾಕಿದರು. ಜೂನ್ ತಿಂಗಳಲ್ಲಿ ಯಾರೋ ಕಟ್ಟಳೆಯ ಬರವಣಿಗೆಯಲ್ಲಿದ್ದ ಒಂದು ತಪ್ಪನ್ನು ಹಿಡಿದು ಸುಮಾರು 36 ಲಕ್ಷ ಈಥರನ್ನು ಸೆಳೆದುಕೊಂಡರು. ಬೀಗ ಒಡೆಯಬೇಕಾಗಲಿಲ್ಲ, ಯಂತ್ರಕ್ಕೆ ಬರೆದುಕೊಟ್ಟ ಮಾತೇ ಅವರಿಗೆ ಬಾಗಿಲು ತೆರೆಯಿತು. ಆಗ ಏನಾಯಿತು? ಮನುಷ್ಯರು ಕೂಡಿ ವಾರಗಟ್ಟಲೆ ವಾದಿಸಿ, ಜುಲೈನಲ್ಲಿ ಲೆಕ್ಕದ ಪುಸ್ತಕವನ್ನೇ ತಿದ್ದಿ ಹಣವನ್ನು ಹಿಂದಕ್ಕೆ ತಂದರು. ಒಪ್ಪದವರು ಹಳೆಯ ಪುಸ್ತಕವನ್ನು ಹಿಡಿದುಕೊಂಡು ಬೇರೆಯಾದರು. ಎಂದರೆ, ಕಟ್ಟಕಡೆಗೆ ತೀರ್ಮಾನವಾದದ್ದು ಅರಳಿಕಟ್ಟೆಯ ಮೇಲೆಯೇ.

ಇಷ್ಟು ದೂರದ ಕಥೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೆರೆ ಸಂಘಗಳೂ ಇದೇ ಭ್ರಮೆಯ ಮೇಲೆ ನಿಂತಿವೆ. ಕಟ್ಟಳೆ ಬರೆದಾಯಿತು, ಆದ್ದರಿಂದ ಸಂಘ ಹುಟ್ಟಿತು ಎಂಬ ಭ್ರಮೆ.

ಹಿಂದೊಮ್ಮೆ ಒಂದು ಹಳ್ಳಿಯಲ್ಲಿ ಕೆರೆ ಸಂಘದ ಸ್ಥಾಪನಾ ಸಭೆಗೆ ಹೋಗಿದ್ದೆ. ಊರ ಹೆಸರೂ ಯೋಜನೆಯ ಹೆಸರೂ ಇಲ್ಲಿ ಬೇಡ. ಅಚ್ಚಾದ ನಿಯಮಾವಳಿಯ ಪುಸ್ತಕವನ್ನು ತಂದಿದ್ದರು. ಊರಿನ ಹೆಸರಿಗೆಂದು ಅದರಲ್ಲಿ ಚುಕ್ಕೆಗಳ ಸಾಲೊಂದಿತ್ತು. ಅಲ್ಲಿ ಊರ ಹೆಸರು ತುಂಬಿದರು. ಓದಿದರು, ಕೈ ಎತ್ತಿಸಿದರು, ಕಾಫಿ ಕೊಟ್ಟರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಳು ಮುದುಕಿ, "ಕುರಿಗೆ ನೀರು ಕುಡಿಸೋದು ಇದರಲ್ಲಿ ಬರೆದದಾ ಸ್ವಾಮಿ?" ಎಂದು ಕೇಳಿದಳು. "ಅದು ಆಮೇಲೆ ನೋಡೋಣ ಅಜ್ಜಿ" ಎಂದರು. ಆ ಆಮೇಲೆ ಬರಲೇ ಇಲ್ಲ. ನಾನೂ ಕೈ ಎತ್ತಿದವರಲ್ಲಿ ಒಬ್ಬ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ನಮ್ಮ ಸೀಮೆಗೆ ಜೀವನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ಆದ್ದರಿಂದಲೇ ಹಿರಿಯರು ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವಂತೆ ಸಾಲುಕೆರೆಗಳನ್ನು ಕಟ್ಟಿದರು. ಕಟ್ಟಿದವನಿಗೆ, ಕಾಪಾಡಿದವನಿಗೆ ಕಟ್ಟುಕೊಡುಗೆ, ದಸವಂದ ಎಂದು ಭೂಮಿ ಬಿಟ್ಟರು. ನೀರು ಬಿಡುವ ಅಧಿಕಾರವನ್ನು ಗದ್ದೆಯ ಒಡೆಯನ ಕೈಗೆ ಕೊಡದೆ ನೀರುಗಂಟಿಯ ಕೈಗೆ ಕೊಟ್ಟರು. ತೂಬು ಎತ್ತುವವನು ಅವನು, ಕಾಲುವೆ ನೋಡುವವನು ಅವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಣಯಿಸುವವನು ಅವನು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಕೊನೆಯ ಗದ್ದೆ ಒಣಗಿದರೆ ಅವನ ಪಾಲೂ ಒಣಗುತ್ತಿತ್ತು. ಕಾವಲುಗಾರನ ಹಿತವನ್ನು ಕಟ್ಟಕಡೆಯವನ ಹಿತದೊಂದಿಗೆ ಗಂಟುಹಾಕಿದ ಈ ಜಾಣತನಕ್ಕೆ ನಾನು ತಲೆಬಾಗುತ್ತೇನೆ.

ಕೆರೆ ಪೂರ್ತಿ ತುಂಬದ ವರ್ಷಗಳಿಗೆ 'ದಾಮಾಷಾ' ಎಂಬ ಏರ್ಪಾಡಿತ್ತು. ತೂಬಿಗೆ ಹತ್ತಿರದ ನೆಲವನ್ನಷ್ಟೇ ಆ ವರ್ಷ ನೆಡುವುದು. ದೂರದ ಗದ್ದೆಯವರಿಗೂ ಅದರಲ್ಲಿ ಅವರವರ ಹಿಡುವಳಿಯ ಪ್ರಮಾಣಕ್ಕೆ ಪಾಲು ಕೊಡುವುದು. ನೆಲ ಯಾರದಾದರೂ ಆಗಲಿ, ಬರ ಎಲ್ಲರದು ಎಂಬ ನ್ಯಾಯ ಅದು.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಹೇಳುವವನು ನಾನಲ್ಲ. ನೀರುಗಂಟಿಗಳು ಬಹುಪಾಲು ದಲಿತ ಕುಟುಂಬದವರು. ಊರಿನ ಗದ್ದೆಗೆಲ್ಲ ನೀರು ಹಾಯಿಸಿದವನು ಊರೊಳಗಿನ ಬಾವಿಯಿಂದ ನೀರು ಸೇದುವಂತಿರಲಿಲ್ಲ. ಅವನ ಮೇಲೆ ನಂಬಿಕೆ ಇತ್ತು; ಅವನಿಗೆ ಮಾತು ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಇಂಥ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು. ಆದರೆ ಹುದ್ದೆಯೊಡನೆ ಕೆಲಸವನ್ನೂ ಕಳೆದುಕೊಂಡೆವು. ಅನ್ಯಾಯವನ್ನು ಬಿಟ್ಟು ಕಾವಲನ್ನು ಉಳಿಸಿಕೊಳ್ಳುವ ಬುದ್ಧಿ ನಮಗೆ ಬರಲಿಲ್ಲ.

ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಮೈಸೂರು ಸಂಸ್ಥಾನ 1911ರಲ್ಲಿಯೇ ಕೆರೆ ಪಂಚಾಯತಿಗಳಿಗೆಂದು ಕಾನೂನು ಮಾಡಿತು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಕೋಲಾರವೂ ಆ ಯೋಜನೆಯ ಜಿಲ್ಲೆಗಳಲ್ಲಿ ಒಂದು. 2014ರಲ್ಲಿ ಕೆರೆಗಳ ಸಂರಕ್ಷಣೆಗೆ ಪ್ರಾಧಿಕಾರದ ಕಾನೂನು ಬಂತು. ಇಷ್ಟಾದರೂ ಇಂದು ಒಂದು ಕೆರೆಯ ಮೇಲೆ ಎಷ್ಟು ಕೈಗಳಿವೆ ನೋಡಿ: ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಮೆಯಾದರೆ ಪಂಚಾಯತಿ, ಹೆಚ್ಚಾದರೆ ಸಣ್ಣ ನೀರಾವರಿ ಇಲಾಖೆ, ಒತ್ತುವರಿಗೆ ಕಂದಾಯ ಇಲಾಖೆ, ಅಂಗಳದ ಜಾಲಿಗೆ ಅರಣ್ಯ ಇಲಾಖೆ, ಮೀನಿಗೆ ಮೀನುಗಾರಿಕೆ ಇಲಾಖೆ. ಕೆರೆಗೆ ಒಡೆಯರು ಹಲವರು. ಏರಿ ಒಡೆದ ದಿನ ಒಬ್ಬರೂ ಇಲ್ಲ. ಸಂಘಕ್ಕೆ ಉಳಿದದ್ದು ನಾಮಫಲಕ.

ಈ ಮಾತನ್ನು ಈಗಲೇ ಆಡಬೇಕಾದ ಕಾರಣ ಒಂದಿದೆ. 2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಸಂಸ್ಕರಿಸಿದ ಕೊಳಚೆ ನೀರು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿತು. ದಿನಕ್ಕೆ 44 ಕೋಟಿ ಲೀಟರು ತಂದು 126 ಕೆರೆಗಳನ್ನು ತುಂಬುವುದು ಯೋಜನೆ. ಆ ನೀರಿನ ಶುದ್ಧಿಯ ವಿಷಯದಲ್ಲಿ ಜನ ನ್ಯಾಯಾಲಯಕ್ಕೂ ಹೋದರು. ಅವರ ಆತಂಕ ನ್ಯಾಯವಾದದ್ದೇ. ನಾನು ಎತ್ತುವುದು ಇನ್ನೊಂದು ಪ್ರಶ್ನೆ. ಈ ನೀರನ್ನು ತೂಬಿನಿಂದ ಗದ್ದೆಗೆ ಬಿಡುವಂತಿಲ್ಲ. ಅದು ನೆಲಕ್ಕೆ ಇಂಗಿ ಅಂತರ್ಜಲವಾಗಬೇಕು. ಹಾಗಾದರೆ ಅದು ಸೇರುವುದು ಯಾರನ್ನು? ಕೊಳವೆಬಾವಿ ಇದ್ದವನನ್ನು. ಆಳದ ಬಾವಿ ಇದ್ದವನನ್ನು ಇನ್ನಷ್ಟು. ತೂಬಿನ ಕಾಲದಲ್ಲಿ ಕಳ್ಳತನ ಕಣ್ಣಿಗೆ ಕಾಣುತ್ತಿತ್ತು. ನೆಲದೊಳಗಿನ ನೀರಿಗೆ ನೀರುಗಂಟಿ ಯಾರು? ಎಲ್ಲರ ಹೆಸರಿನಲ್ಲಿ ಬಂದ ನೀರು ಕೆಲವರ ಪಂಪಿನಲ್ಲಿ ಮೇಲೇಳುತ್ತಿದೆ. ಅಚ್ಚುಕಟ್ಟಿನ ಪಹಣಿ ನೋಡಿ ಸದಸ್ಯತ್ವ ಕೊಡುವ ಮಾದರಿ ನಿಯಮಾವಳಿಗೆ ಇದು ಕಾಣುವುದೇ ಇಲ್ಲ.

ಮಾದರಿ ನಿಯಮಾವಳಿ ಏಕೆ ಸಲ್ಲದೆಂಬುದಕ್ಕೆ ನಾಲ್ಕು ತಾಲ್ಲೂಕುಗಳೇ ಸಾಕ್ಷಿ. ಮಾಲೂರಿನಲ್ಲಿ ಹೂಳು ಹೊಲಕ್ಕೆ ಹೋಗಬೇಕೋ ಇಟ್ಟಿಗೆ ಗೂಡಿಗೆ ಹೋಗಬೇಕೋ ಎಂಬುದು ಪ್ರಶ್ನೆ. ಶ್ರೀನಿವಾಸಪುರದಲ್ಲಿ ಮಾವಿನ ತೋಟದ ಕೊಳವೆಬಾವಿಗೂ ಊರಿನ ಕುಡಿಯುವ ನೀರಿಗೂ ಇರುವ ಲೆಕ್ಕ ಪ್ರಶ್ನೆ. ಕೋಲಾರದ ಸುತ್ತ ಪಟ್ಟಣದ ಕೊಳಚೆ ಪ್ರಶ್ನೆ. ಗಡಿಯ ಮುಳಬಾಗಿಲಿನಲ್ಲಿ ಕೋಡಿ ಹರಿದ ನೀರು ಎತ್ತ ಹೋಗುತ್ತದೆ, ಯಾರನ್ನು ಕೇಳಬೇಕು ಎಂಬುದು ಪ್ರಶ್ನೆ. ನಾಲ್ಕು ಕಾಯಿಲೆಗೆ ಒಂದೇ ಅಚ್ಚಿನ ಗುಳಿಗೆ ಕೊಟ್ಟು ವೈದ್ಯರು ಊರು ಬಿಟ್ಟರೆ ರೋಗಿ ಏನಾಗಬೇಕು?

ಅಮೆರಿಕದ ಎಲಿನಾರ್ ಆಸ್ಟ್ರಂ ಎಂಬ ವಿದುಷಿ ಲೋಕದ ನಾನಾ ಕಡೆ ಜನರೇ ನಡೆಸಿಕೊಂಡು ಬಂದ ಕಾಲುವೆ, ಕಾಡು, ಹುಲ್ಲುಗಾವಲುಗಳನ್ನು ಅಧ್ಯಯನ ಮಾಡಿ 1990ರಲ್ಲಿ ಎಂಟು ಸೂತ್ರಗಳನ್ನು ಮುಂದಿಟ್ಟರು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆ, ಅದು 2009ರಲ್ಲಿ. ಆಕೆ ಎತ್ತಿ ಹೇಳಿದ ನಿದರ್ಶನಗಳಲ್ಲಿ ಸ್ಪೇನಿನ ವೆಲೆನ್ಸಿಯಾ ಒಂದು. ಅಲ್ಲಿ ಇಂದಿಗೂ ಪ್ರತಿ ಗುರುವಾರ ಮಧ್ಯಾಹ್ನ ರೈತರೇ ಆರಿಸಿದ ನ್ಯಾಯಮಂಡಳಿ ದೊಡ್ಡ ಇಗರ್ಜಿಯ ಬಾಗಿಲಲ್ಲಿ ಕೂತು, ನೀರಿನ ವ್ಯಾಜ್ಯಗಳನ್ನು ವಕೀಲರಿಲ್ಲದೆ ಬಾಯಿಮಾತಿನಲ್ಲಿ ತೀರಿಸುತ್ತದೆ. ಆ ಸೂತ್ರಗಳನ್ನು ನಮ್ಮ ನೆಲದ ಅನುಭವದೊಡನೆ ತಿಕ್ಕಿ ನೋಡಿದಾಗ ನನಗೆ ಉಳಿಯುವ ಮಾತು ಐದು.

ಮೊದಲನೆಯದು, ಯಾರು ಸದಸ್ಯರು ಎಂಬುದು. ಕೆರೆಯನ್ನು ಬಳಸುವ ಪ್ರತಿ ಮನೆಯೂ ಸದಸ್ಯ: ಗದ್ದೆಯವನು, ಕೊಳವೆಬಾವಿಯವನು, ಕುರಿಯವಳು, ಅಗಸರು, ಮೀನಿನವರು, ಭೂಮಿಯೇ ಇಲ್ಲದವರು. ಮತ ಮನೆಗೆ ಸಮ, ಎಕರೆಗಲ್ಲ, ಟೋಕನ್ನಿಗಲ್ಲ.

ಎರಡನೆಯದು, ಕಟ್ಟಳೆಯನ್ನು ಅದಕ್ಕೆ ಒಳಪಡುವವರೇ ಬರೆಯಬೇಕು, ತಿದ್ದುವ ಹಕ್ಕೂ ಅವರದಾಗಿರಬೇಕು. ತಿದ್ದಲಾಗದ ಕಟ್ಟಳೆ ಎಷ್ಟು ಅಪಾಯವೆಂಬುದನ್ನು 2016ರ ಕಥೆ ತೋರಿಸಿತು. ಒಬ್ಬನ ಇಷ್ಟಕ್ಕೆ ರಾತ್ರೋರಾತ್ರಿ ತಿದ್ದಬಹುದಾದ ಕಟ್ಟಳೆ ಇನ್ನೂ ಅಪಾಯ.

ಮೂರನೆಯದು, ನೀರುಗಂಟಿ ಬೇಕು. ಆದರೆ ಜಾತಿಯಿಂದ ಹುಟ್ಟಿದ ನೀರುಗಂಟಿಯಲ್ಲ. ಸಂಬಳ ಪಡೆದು, ಸರದಿಯಂತೆ ಬದಲಾಗಿ, ತುಂಬಿದ ಸಭೆಯಲ್ಲಿ ಲೆಕ್ಕ ಒಪ್ಪಿಸುವ ನೀರುಗಂಟಿ. ಕೆರೆಯ ಮಟ್ಟದ ಜೊತೆಗೆ ಬಾವಿಗಳ ಮಟ್ಟವನ್ನೂ ಅಳೆದು ಚಾವಡಿಯ ಗೋಡೆಯ ಮೇಲೆ ಬರೆಯುವುದು ಅವನ ಅಥವಾ ಅವಳ ಕೆಲಸ. ಕಟ್ಟಳೆ ಮೀರಿದವನಿಗೆ ಮೊದಲು ಎಚ್ಚರಿಕೆ, ಆಮೇಲೆ ಸಣ್ಣ ದಂಡ, ಆಮೇಲೆ ದೊಡ್ಡದು.

ನಾಲ್ಕನೆಯದು, ಕೆರೆಯ ಆದಾಯ ಕೆರೆಗೇ ಉಳಿಯಬೇಕು. ಮೀನಿನ ಹರಾಜಿನ ಹಣ, ಹೂಳಿನ ಹಣ, ಮರದ ಹಣ ಬೇರೆ ಬೇರೆ ಖಜಾನೆಗೆ ಹೋಗಿ, ಏರಿಯ ಗಿಡ ಕೀಳುವುದಕ್ಕೆ ಮಾತ್ರ ಊರವರ ಶ್ರಮದಾನ ಎಂದರೆ ಅದು ಸ್ವಾಯತ್ತತೆಯಲ್ಲ, ಬಿಟ್ಟಿ ಚಾಕರಿ.

ಐದನೆಯದು, ಒಂದು ಕೆರೆ ಒಂಟಿಯಲ್ಲ. ಮೇಲಿನ ಕೆರೆಯ ಸಂಘವೂ ಕೆಳಗಿನ ಕೆರೆಯ ಸಂಘವೂ ಒಂದೇ ಪಂಕ್ತಿಯಲ್ಲಿ ಕೂರುವ ಸಾಲುಕೆರೆಗಳ ಒಕ್ಕೂಟ ಬೇಕು. ಸರ್ಕಾರ ಅದನ್ನು ಮಾನ್ಯಮಾಡಿ, ಆಮೇಲೆ ದೂರ ನಿಲ್ಲಬೇಕು. ನೀರನ್ನು ಪರೀಕ್ಷಿಸುವುದು, ಒತ್ತುವರಿ ಬಿಡಿಸುವುದು, ಬಲಹೀನನ ದೂರು ಕೇಳುವುದು ಅದರ ಕರ್ತವ್ಯ; ಅಧ್ಯಕ್ಷನನ್ನು ಆರಿಸುವುದಲ್ಲ.

"ಹಳ್ಳಿಯಲ್ಲಿ ಪಕ್ಷವಿದೆ, ಜಾತಿಯಿದೆ, ಅಧಿಕಾರ ಕೊಟ್ಟರೆ ಹೊಡೆದಾಡುತ್ತಾರೆ" ಎಂದು ವಿಚಾರವಂತರು ಹೇಳುವುದುಂಟು. ಇವು ಕಚೇರಿಗಳಲ್ಲಿ ಇಲ್ಲವೇ? ಬಾಗಿಲು ಮುಚ್ಚಿ ನಡೆಯುವ ಜಗಳಕ್ಕಿಂತ ಚಾವಡಿಯಲ್ಲಿ ನಡೆಯುವ ಜಗಳ ಮೇಲು. ಅಲ್ಲಿ ಕೇಳುವವರಾದರೂ ಇರುತ್ತಾರೆ. "ಯಂತ್ರಕ್ಕೆ ಪಕ್ಷಪಾತವಿಲ್ಲ" ಎಂಬುದು ನನ್ನ ಸೋದರಳಿಯನ ವಾದ. ಒಪ್ಪಿದೆ. ಲೆಕ್ಕ ಬರೆಯಲಿ, ಮತ ಎಣಿಸಲಿ, ಬಾವಿಯ ಮಟ್ಟ ತೋರಿಸಲಿ. ಎಲ್ಲರಿಗೂ ಕಾಣುವ, ಯಾರೂ ಕದ್ದು ತಿದ್ದಲಾಗದ ಲೆಕ್ಕ ನಮ್ಮ ಸಂಘಗಳಿಗೆ ದೊಡ್ಡ ಉಪಕಾರ. ಆದರೆ ಆ ಮುದುಕಿಯ ಕುರಿಯ ಬಾಯಾರಿಕೆ ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಅವಳನ್ನು ಸಭೆಯ ಮುಂದಿನ ಸಾಲಿಗೆ ಕರೆದವರು ಇದ್ದರಷ್ಟೇ ತಿಳಿಯುತ್ತದೆ.

ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ಎರಡು ರಾಜ್ಯಗಳ ಎಲ್ಲೆಯ ಮೇಲೆ ಕೆರೆಯಿರುವುದು ಇನ್ನೊಂದು ದೋಷ. ಯಾರು ಹೊಣೆಯೆಂದು ತಿಳಿಯದ ಕಡೆ ನೀರು ನಿಲ್ಲದೆಂಬುದನ್ನು ಆರೂವರೆ ಶತಮಾನದ ಹಿಂದೆಯೇ ಅರಿತಿದ್ದರೆಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಇಂದು ನಮ್ಮ ಪ್ರತಿಯೊಂದು ಕೆರೆಯೂ ಐದಾರು ಇಲಾಖೆಗಳ ಎಲ್ಲೆಯ ಮೇಲಿದೆ.

ಆದ್ದರಿಂದ ಮಾದರಿ ನಿಯಮಾವಳಿಯ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ನಾಲ್ಕು ತಾಲ್ಲೂಕುಗಳಲ್ಲೂ ಕೆರೆ ಕೆರೆಯ ಏರಿಯ ಮೇಲೆ ಒಂದೊಂದು ಸಭೆ ಕರೆಯಿರಿ. ಬರಿಯ ಹಾಳೆ ಇಟ್ಟುಕೊಳ್ಳಿ. ಮೊದಲ ಸಾಲನ್ನು ಯಾರು ಬರೆಸಬೇಕೆಂದು ಕೇಳಿದರೆ, ಆ ಮುದುಕಿಯನ್ನು ತೋರಿಸುತ್ತೇನೆ.