ಹಾಲು ಬಿಟ್ಟವರ ಊಟ ಜೋಳದ ಹೊಲದಲ್ಲೇ ಇದೆ

ತೆಲಂಗಾಣದ ಗಡಿಯ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಎಷ್ಟೋ ಕನ್ನಡ ಮನೆಗಳಲ್ಲಿ ಮಾಂಸ ತಿನ್ನದಿರುವುದು ತಲೆಮಾರುಗಳಿಂದ ನಡೆದು ಬಂದದ್ದು. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅಂಥ ಮನೆಯ ಮಗಳೋ ಮಗನೋ ಹಾಲು, ಮೊಸರು, ತುಪ್ಪವನ್ನೂ ಬಿಡುತ್ತೇನೆ, ವೀಗನ್ ಆಗುತ್ತೇನೆ ಎಂದರೆ ಹಿರಿಯರು ದಿಗಿಲುಗೊಳ್ಳುತ್ತಾರೆ. ಮತ್ತೇನು ಉಣ್ತೀ, ಮೈಯಾಗ ಶಕ್ತಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಇದೆಲ್ಲ ಹೈದರಾಬಾದಿನ ಶೋಕಿ ಎಂಬ ತೀರ್ಪು ಅದರ ಬೆನ್ನಿಗೇ ಬರುತ್ತದೆ. ಆ ತೀರ್ಪು ತಪ್ಪು ಎಂಬುದು ನನ್ನ ವಾದ. ಡೈರಿಯ ಹಾಲನ್ನು ಬಿಡಲು ಈ ಸೀಮೆಯಲ್ಲಿ ಗಟ್ಟಿ ಕಾರಣವಿದೆ, ಬಿಟ್ಟವರು ಉಣ್ಣಬೇಕಾದದ್ದೂ ಇಲ್ಲಿಯ ಹೊಲಗಳಲ್ಲೇ ಬೆಳೆಯುತ್ತದೆ. ನಗರದ ಅಂಗಡಿಯ ಬಾದಾಮಿ ಹಾಲು, ಸೋಯಾ ಡಬ್ಬಿಗಳಿಗೆ ಕಾಯಬೇಕಿಲ್ಲ.

ಮೊದಲು ಕಾರಣದ ಮಾತು. ಈ ಸೀಮೆಯಲ್ಲಿ ಆಕಳು ಸಾಕಿದ್ದು ಬರೀ ಹಾಲಿಗಲ್ಲ, ಎತ್ತಿಗಾಗಿ. ಬೀದರ, ಲಾತೂರು ಮತ್ತು ಪಕ್ಕದ ತೆಲಂಗಾಣದಲ್ಲಿ ಹೆಸರಾದ ದೇವಣಿ ತಳಿಗೆ ಬೆಲೆ ಬಂದದ್ದು ಎರೆಭೂಮಿಯಲ್ಲಿ ನೇಗಿಲು ಎಳೆಯುವ ಅದರ ಕಸುವಿನಿಂದ. ಕಾರಹುಣ್ಣಿಮೆಯಂದು ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರೆಸಿದ್ದೂ ಎತ್ತನ್ನೇ. ಹೋರಿಗರು ಹುಟ್ಟಿದರೆ ಮನೆಗೆ ದುಡಿಯುವ ಜೀವ ಬಂತು ಎಂದು ಹಿಗ್ಗುವ ಕಾಲವಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಆ ಲೆಕ್ಕ ತಲೆಕೆಳಗಾಯಿತು. 2012 ಮತ್ತು 2019ರ ಜಾನುವಾರು ಗಣತಿಗಳನ್ನು ಹೋಲಿಸಿ ನೋಡಿ: ದೇಶದಲ್ಲಿ ಆಕಳುಗಳ ಸಂಖ್ಯೆ ಸುಮಾರು 12.3 ಕೋಟಿಯಿಂದ 14.5 ಕೋಟಿಗೆ ಏರಿತು, ಎತ್ತು-ಹೋರಿಗಳ ಸಂಖ್ಯೆ ಸುಮಾರು 6.8 ಕೋಟಿಯಿಂದ 4.7 ಕೋಟಿಗೆ ಇಳಿಯಿತು. ನಿಸರ್ಗದಲ್ಲಿ ಹೆಣ್ಣುಗರು, ಗಂಡುಗರು ಹೆಚ್ಚುಕಡಿಮೆ ಸಮನಾಗಿಯೇ ಹುಟ್ಟುತ್ತವೆ. ಹಾಗಿದ್ದರೆ ಗಂಡುಗರುಗಳು ಎಲ್ಲಿ ಹೋದವು? ಹಾಲಿನ ಲೆಕ್ಕದಲ್ಲಿ ಅವಕ್ಕೆ ಜಾಗವಿಲ್ಲ. ಹೆಣ್ಣುಗರುವೇ ಹುಟ್ಟಲೆಂದು ಬೇರ್ಪಡಿಸಿದ ವೀರ್ಯವನ್ನು ಸರ್ಕಾರವೇ ಈಗ ರಿಯಾಯಿತಿ ದರದಲ್ಲಿ ಕೊಡುತ್ತಿದೆ. ಗಂಡುಗರು ಬೇಡವಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಎಮ್ಮೆಯ ಕೋಣಗರುವಿನ ಪಾಡಂತೂ ಮೊದಲಿನಿಂದಲೂ ಇದೇ. ಭಾರತ ಜಗತ್ತಿನ ದೊಡ್ಡ ಎಮ್ಮೆ ಮಾಂಸ ರಫ್ತುದಾರ ದೇಶಗಳಲ್ಲಿ ಒಂದು, ಆ ಮಾಂಸದ ಬಹುಪಾಲು ಬರುವುದು ಹಾಲಿಗೆ ಸಾಕಿದ ಹಟ್ಟಿಗಳಿಂದಲೇ. ಜೀವಹಿಂಸೆ ಬೇಡವೆಂದು ಮಾಂಸ ಬಿಟ್ಟ ಮನೆ ಈ ನಂಟನ್ನು ಕಾಣದಂತೆ ಇರಲಾಗದು. ಅದನ್ನು ಕಂಡು ಹಾಲು ಬಿಟ್ಟವರು ಮನೆತನದ ನಡೆಯನ್ನು ಮುರಿದಿಲ್ಲ, ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ.

ಇನ್ನು ಊಟ. 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳು ಮೆದಕ್‌ಗೂ, ಕಲಬುರ್ಗಿಯ ತಾಂಡೂರು ಹೈದರಾಬಾದ್ ಜಿಲ್ಲೆಗೂ ಸೇರಿದವು. ಗಡಿ ಬದಲಾಯಿತು, ತಾಟು ಬದಲಾಗಲಿಲ್ಲ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಎಳ್ಳಮಾವಾಸ್ಯೆಯ ಸಜ್ಜಿ ರೊಟ್ಟಿ ಮತ್ತು ಬಜ್ಜಿ: ಇವುಗಳಲ್ಲಿ ಯಾವುದಕ್ಕೂ ಹಾಲಿನ ಹಂಗಿಲ್ಲ. ಮೇಲಿನ ತುಪ್ಪದ ಚಮಚ, ಪಕ್ಕದ ಮೊಸರಿನ ಬಟ್ಟಲು ತೆಗೆದರೆ ಉಳಿದದ್ದು ಪೂರ್ತಿ ವೀಗನ್ ಊಟವೇ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಲಬುರ್ಗಿಯ ತೊಗರಿಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಉತ್ತರ ಕರ್ನಾಟಕದಲ್ಲಿ ಕುಸುಬೆ ಬೀಜ ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿನಲ್ಲಿ ಗೋಧಿ, ಬೆಲ್ಲ ಹಾಕಿ ಹುಗ್ಗಿ ಮಾಡುವ ರೂಢಿ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ 1944ರಲ್ಲಿ ವೀಗನ್ ಸೊಸೈಟಿ ಹುಟ್ಟುವ ಮೊದಲೇ ಕುಸುಬೆಯ ಹಾಲು ನಮ್ಮ ಒಲೆಗಳ ಮೇಲಿತ್ತು. ಈಗ ಕುಸುಬೆ ಬಿತ್ತುವವರೇ ಅಪರೂಪವಾಗಿದ್ದಾರೆ, ಇದು ನಿಜಕ್ಕೂ ನೋವಿನ ಸಂಗತಿ.

ಈ ಬೆಳೆಗಳು ಇನ್ನೂ ಉಳಿದಿದ್ದರೆ ಅದರ ದೊಡ್ಡ ಪಾಲಿನ ಶ್ರೇಯ ಜಹೀರಾಬಾದ್ ಪಕ್ಕದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಿಗೆ ಸಲ್ಲಬೇಕು. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದ ಪಿ.ವಿ. ಸತೀಶ್ ಗೆಳೆಯರ ಜೊತೆಗೂಡಿ 1983ರಲ್ಲಿ ಕಟ್ಟಿದ ಸಂಸ್ಥೆ ಅದು. ಅವರು 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಸಂಘಗಳ ಹೆಂಗಸರು ಬಹುಪಾಲು ದಲಿತರು, ತುಂಡು ಭೂಮಿಯ ಒಡತಿಯರು. ನೀರಾವರಿಯಿಲ್ಲದ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಅಲಸಂದಿ, ಎಳ್ಳು ಬೆರೆಸಿ ಬಿತ್ತುತ್ತಾರೆ, ಬೀಜವನ್ನು ಮನೆಯಲ್ಲೇ ಕಾಪಿಡುತ್ತಾರೆ. ಅಗ್ಗದ ರೇಷನ್ ಅಕ್ಕಿ ಜೋಳವನ್ನು ಹೊಲದಿಂದ ಹೊರದೂಡುತ್ತಿದ್ದಾಗ, 1990ರ ದಶಕದಲ್ಲಿ, ಬೀಳುಬಿದ್ದ ಭೂಮಿಯನ್ನು ಉತ್ತು, ಬೆಳೆದ ಜೋಳವನ್ನು ತಮ್ಮ ಹಳ್ಳಿಯ ಬಡವರಿಗೇ ಹಂಚುವ ವ್ಯವಸ್ಥೆ ಕಟ್ಟಿದರು. ಕಳೆನಾಶಕ ಸಿಂಪಡಿಸದ ಕಾರಣ ಆ ಹೊಲಗಳಲ್ಲಿ ಬಿತ್ತದೆ ಬೆಳೆಯುವ ಸೊಪ್ಪುಗಳೂ ಉಳಿದಿವೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಘಗಳನ್ನು ಅರಸಿ ಬಂತು. ಪ್ರಾಣಿಜನ್ಯ ಆಹಾರ ಬಿಡುವವರಿಗೆ ಇಷ್ಟು ಸಮೃದ್ಧವಾದ ಆಸರೆ ಬೇರೆಡೆ ಸುಲಭಕ್ಕೆ ಸಿಗದು.

ಶಕ್ತಿ ಎಲ್ಲಿಂದ ಬರಬೇಕು ಎಂಬ ಹಿರಿಯರ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ತೊಗರಿ ತುಂಬಿಕೊಡುತ್ತದೆ. ರೊಟ್ಟಿ-ಬ್ಯಾಳಿಯ ಜೋಡಿ ಬರೀ ರುಚಿಯದಲ್ಲ. ಸುಣ್ಣದ ಅಂಶ ಹಾಲಿನಲ್ಲಿ ನೂರು ಗ್ರಾಂಗೆ ಸುಮಾರು 120 ಮಿಲಿಗ್ರಾಂ ಇದ್ದರೆ ಸಿಪ್ಪೆಯುಳ್ಳ ಎಳ್ಳಿನಲ್ಲಿ ಅದರ ಹಲವು ಪಟ್ಟು ಇದೆ. ಎಳ್ಳಿನದು ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ, ಆದ್ದರಿಂದ ಎಳ್ಳಿನ ಹಿಂಡಿಯನ್ನು ಬರೀ ನೆಂಚಿಕೆಯೆಂದು ತಿಳಿಯದೆ ದಿನವೂ ತಿನ್ನಬೇಕು. ಆದರೆ ಬಿ12 ವಿಟಮಿನ್ ವಿಷಯದಲ್ಲಿ ರಾಜಿಯಿಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ಯಾವ ಕಾಳು, ಸೊಪ್ಪನ್ನೂ ಅದಕ್ಕೆ ನೆಚ್ಚುವಂತಿಲ್ಲ. ಅದು ಕಡಿಮೆಯಾದರೆ ರಕ್ತಹೀನತೆ ಬರುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ನರಕ್ಕೆ ಆದ ಹಾನಿ ಕೆಲವೊಮ್ಮೆ ಮರಳಿ ಸರಿಹೋಗುವುದಿಲ್ಲ. ಹಾಲು ಬಿಟ್ಟವರು ವೈದ್ಯರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರಿಗೆ ಇದು ಇನ್ನೂ ಮುಖ್ಯ. ನಮ್ಮ ಪೂರ್ವಜರು ಮಾತ್ರೆಯಿಲ್ಲದೆ ಬದುಕಿದರು ಎಂಬ ವಾದ ಇಲ್ಲಿ ನಿಲ್ಲದು, ಅವರು ಮಜ್ಜಿಗೆ ಕುಡಿಯುತ್ತಿದ್ದರು.

ಹಾಲು ಬಿಡುವುದು ಮಡಿಯ ಹೊಸ ವೇಷವಲ್ಲವೇ ಎಂಬ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಈ ನಾಡಿನಲ್ಲಿ ಊಟದ ಹೆಸರಿನಲ್ಲಿ ಮನುಷ್ಯರನ್ನು ದೂರ ಇಟ್ಟ ಇತಿಹಾಸವಿದೆ. 2021ರ ಡಿಸೆಂಬರ್‌ನಲ್ಲಿ ಬೀದರ, ಕಲಬುರ್ಗಿ ಮೊದಲಾದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಕರ್ನಾಟಕ ಸರ್ಕಾರ ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಆ ವಿರೋಧ ತಪ್ಪಾಗಿತ್ತು. ಹೊಟ್ಟೆತುಂಬ ಉಂಡವರು ಕೈಗೊಂಡ ವ್ರತವನ್ನು ಅರೆಹೊಟ್ಟೆಯ ಮಗುವಿನ ತಾಟಿನ ಮೇಲೆ ಹೇರುವುದು ಅಹಿಂಸೆಯಲ್ಲ. ತೆಲಂಗಾಣದ ಅಂಗನವಾಡಿಗಳಲ್ಲಿ ಆರೋಗ್ಯ ಲಕ್ಷ್ಮಿ ಯೋಜನೆಯಡಿ ಬಸುರಿಯರಿಗೆ ಸಿಗುವ ಮೊಟ್ಟೆ, ಹಾಲಿಗೂ ಇದೇ ಮಾತು. ಅದಕ್ಕೆ ಸಮನಾದದ್ದನ್ನು ಒದಗಿಸುವ ತನಕ ಅದನ್ನು ತೆಗೆಯಿರಿ ಎನ್ನುವ ಹಕ್ಕು ಯಾವ ವೀಗನ್‌ಗೂ ಇಲ್ಲ. ತಮ್ಮ ಊಟಕ್ಕೆ ಜೋಳ-ತೊಗರಿ ಬೆಳೆದುಕೊಟ್ಟ ಹೆಣ್ಣುಮಗಳು ಮಾಂಸ ತಿನ್ನುವವಳಾಗಿರಬಹುದು ಎಂಬುದನ್ನು ಹಾಲು ಬಿಟ್ಟವರು ದಿನವೂ ನೆನೆಯಬೇಕು, ಆಕೆಯ ಮನೆಯಲ್ಲಿ ಕೂತು ಉಣ್ಣಲು ಹಿಂಜರಿಯಬಾರದು.

ಒಂದೆರಡು ಎಮ್ಮೆಯ ಮೇಲೆ ಮನೆ ನಡೆಸುವವರ ಗತಿಯೇನು? ಹಳ್ಳಿಗೊಬ್ಬರು ಹಾಲು ಬಿಟ್ಟರೆ ಎಮ್ಮೆ ಸಾಕಿದವರ ಗಳಿಕೆ ಕುಸಿಯದು, ಅವರನ್ನು ದೂರುವ ಅಗತ್ಯವೂ ಇಲ್ಲ. ಸಗಣಿಯ ಪ್ರಶ್ನೆ ಇದಕ್ಕಿಂತ ಕಠಿಣ. ನಾನು ಹೊಗಳಿದ ಹೊಲಗಳು ತಿಪ್ಪೆಗೊಬ್ಬರದಿಂದಲೇ ಫಲವತ್ತಾಗಿವೆ. ತೊಗರಿ, ಅಲಸಂದಿ ಮಣ್ಣಿಗೆ ಸಾರಜನಕ ಸೇರಿಸುತ್ತವೆ, ಸೆಣಬನ್ನು ಹಸಿರೆಲೆ ಗೊಬ್ಬರವಾಗಿ ಉಳಬಹುದು. ಅಷ್ಟರಿಂದಲೇ ಈ ಸೀಮೆಯ ಒಣಬೇಸಾಯ ಸದ್ಯಕ್ಕೆ ನಡೆಯದು. ಪ್ರಾಣಿಯ ನಂಟೇ ಇಲ್ಲದ ಊಟ ಇಲ್ಲಿ ಅಸಾಧ್ಯ ಎಂದು ಒಪ್ಪೋಣ. ಆದರೂ ದುಡಿಮೆಗೂ ಗೊಬ್ಬರಕ್ಕೂ ಮುದಿತನದವರೆಗೆ ಸಾಕಿದ ಎತ್ತಿಗೂ, ಹಾಲು ಬತ್ತಿದೊಡನೆ ಮಾರುವ ಆಕಳಿಗೂ ವ್ಯತ್ಯಾಸವಿದೆ.

ಈ ಬೆಳೆಗಳನ್ನು ಉಳಿಸಲು ತೆಲಂಗಾಣ ಸರ್ಕಾರದ ಕೈಯಲ್ಲಿರುವ ಕೆಲಸವೊಂದಿದೆ. 2025ರಿಂದ ತೆಲಂಗಾಣದ ರೇಷನ್ ಅಂಗಡಿಗಳಲ್ಲಿ ಸಣ್ಣಕ್ಕಿ ಕೊಡಲಾಗುತ್ತಿದೆ. ಗಡಿಯಾಚೆ ಕರ್ನಾಟಕ ತನ್ನ ಉತ್ತರದ ಜಿಲ್ಲೆಗಳಲ್ಲಿ ಪಡಿತರಕ್ಕೆ ಜೋಳವನ್ನೂ ಸೇರಿಸಿದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ರೈತರಿಂದಲೇ ಜೋಳ, ತೊಗರಿ ಖರೀದಿಸಿ ಅಲ್ಲಿಯ ರೇಷನ್ ಅಂಗಡಿಗಳಲ್ಲಿ ಅಕ್ಕಿಯ ಜೊತೆ ಹಂಚಬೇಕು. ಹಾಲು ಬಿಟ್ಟವರು ಬೆರಳೆಣಿಕೆಯಷ್ಟೇ ಇದ್ದರೂ, ಈ ಬೇಡಿಕೆಯನ್ನು ಅವರು ಸಂಘದ ಹೆಂಗಸರ ಜೊತೆ ನಿಂತು ಕೇಳಲಿ.