ದಣಿದವನ ಮಾತು ತಿಳಿಯಬೇಡವೆ?

ಕಲ್ಯಾಣದ ಒಂದು ಹೋಟೆಲಿನಲ್ಲಿ ಕಳೆದ ಮಳೆಗಾಲದಲ್ಲಿ ನಡೆದ ಸಂಗತಿಯನ್ನು ಓದುಗ ಬಂಧುಗಳ ಮುಂದಿಡಬೇಕಾಗಿದೆ. ರಾತ್ರಿ ಹತ್ತರ ಹೊತ್ತಿಗೆ ಬಾಣಲೆಯ ಬಳಿ ನಿಂತಿದ್ದ ನೇಪಾಳದ ಹುಡುಗನೊಬ್ಬ ನಮ್ಮೂರ ಕಡೆಯ ಭಟ್ರ ಹತ್ತಿರ ಬಂದು “ಮಲಾಯಿ ಥಕಾಯಿ ಲಾಗ್ಯೊ” ಎಂದನು. ಅವನು ಈ ಊರಿಗೆ ಬಂದು ತಿಂಗಳಾಗಿತ್ತಷ್ಟೆ. ಹಿಂದಿ ಇನ್ನೂ ಬಾಯಿಗೆ ಹತ್ತಿರಲಿಲ್ಲ. ಭಟ್ರು ಇಪ್ಪತ್ತು ವರ್ಷ ಮರಾಠಿ ಕೇಳಿದವರು. ಮರಾಠಿಯಲ್ಲಿ “ಮಲಾ ಲಾಗಲಂ” ಎಂದರೆ ನನಗೆ ಪೆಟ್ಟಾಯಿತು ಎಂದರ್ಥ. ಅವರು ಹುಡುಗನ ಕೈಕಾಲು ತಿರುಗಿಸಿ ನೋಡಿದರು. ಗಾಯವಿಲ್ಲ, ರಕ್ತವಿಲ್ಲ. ಸುಳ್ಳು ಹೇಳುತ್ತೀಯಾ ಎಂದು ಗದರಿಸಿ ಮತ್ತೆ ಬಾಣಲೆಗೇ ಕಳುಹಿಸಿದರು. ಬೆಳಿಗ್ಗೆ ಆರಕ್ಕೆ ಎದ್ದವನು ಅವನು. ಅರ್ಧ ತಾಸಿನೊಳಗೆ ನಿಂತಲ್ಲೇ ತೂಕಡಿಸಿ, ಮುಂಗೈ ಎಣ್ಣೆಗೆ ಬಿದ್ದು ಸುಟ್ಟಿತು.

ಭಟ್ರು ಕೆಟ್ಟವರಲ್ಲ. ರಿಕ್ಷಾ ಮಾಡಿ ಆಸ್ಪತ್ರೆಗೆ ಒಯ್ದವರೂ, ರಾತ್ರಿಯೆಲ್ಲ ಅಲ್ಲಿ ಕುಳಿತವರೂ ಅವರೇ. “ಅವನು ಮೊದಲೇ ಹೇಳಿದ್ದ ಮಾರಾಯ್ರೆ, ನಂಗೆ ಗೊತ್ತಾಗ್ಲಿಲ್ಲ” ಎಂದು ನಮ್ಮೆದುರು ಎರಡು ಸಲ ಹೇಳಿದರು. ಗೊತ್ತಾಗಬೇಕಾಗಿದ್ದುದು ಮೂರೇ ಶಬ್ದ.

ಮಲಾಯಿ ಎಂದರೆ ನನಗೆ. ಥಕಾಯಿ ಎಂದರೆ ದಣಿವು. ಲಾಗ್ಯೊ ಎಂದರೆ ತಾಗಿತು, ಹತ್ತಿತು. ನೋಡಿರಿ, ಇದು ನಮ್ಮ ಮಾತಿನ ಜಾಡೇ ಆಗಿದೆ. ಇಂಗ್ಲಿಷಿನವನು ‘ನಾನು’ ಎಂದು ತಾನೇ ಮುಂದೆ ನಿಂತು ದಣಿವನ್ನು ಹೇಳುತ್ತಾನೆ. ನಾವು ‘ನನಗೆ ದಣಿವಾಯಿತು’ ಎನ್ನುತ್ತೇವೆ. ತುಳುವರು ‘ಎಂಕ್ ಬಚ್ಚುಂಡು’ ಎನ್ನುತ್ತಾರೆ. ನೇಪಾಳಿಯೂ ಹಾಗೆಯೇ. ಥಕಾಯಿ ಇದ್ದಲ್ಲಿ ಭೋಕ್ ಎಂದಿಟ್ಟರೆ ಹಸಿವು, ತಿರ್ಖಾ ಎಂದಿಟ್ಟರೆ ಬಾಯಾರಿಕೆ. ‘ನಿದ್ರಾ ಲಾಗ್ಯೊ’ ಎಂಬುದನ್ನಂತೂ ಕನ್ನಡಿಗನಿಗೆ ಹೇಳಿಕೊಡಬೇಕಾಗಿಲ್ಲ. ಮುಂದೆ ‘ಧೇರೈ’ ಎಂದು ಸೇರಿಸಿದನೆಂದರೆ ಬಹಳ ಎಂದರ್ಥ. ಆಗ ಅವನನ್ನು ಒಲೆಯ ಹತ್ತಿರ ನಿಲ್ಲಿಸಬಾರದು.

ಇನ್ನೊಂದು ಮಾತು. ನಾವೆಲ್ಲ ಅವರನ್ನು ‘ಭಾಯಿ’ ಎಂದು ಕರೆದು ಬಹಳ ಪ್ರೀತಿ ತೋರಿಸಿದೆವೆಂದು ತಿಳಿಯುತ್ತೇವೆ. ನೇಪಾಳಿಯಲ್ಲಿ ಭಾಯಿ ಎಂದರೆ ತಮ್ಮ. ಅಣ್ಣನಿಗೆ ‘ದಾಯಿ’. ಐವತ್ತು ವರ್ಷದ ವಾಚ್‌ಮನ್ನನಿಗೆ ಇಪ್ಪತ್ತರ ಸಪ್ಲಾಯರ್ ಭಾಯಿ ಎಂದರೆ ಅವನು ಏನೂ ಅನ್ನುವುದಿಲ್ಲ. ಈ ಊರಿನ ಹಿಂದಿ ಎಂದು ನುಂಗಿಕೊಳ್ಳುತ್ತಾನೆ. ಎಲ್ಲರನ್ನೂ ‘ಬಹಾದುರ್’ ಎನ್ನುವುದಂತೂ ಇನ್ನೂ ಕೆಟ್ಟದ್ದು. ನಮ್ಮ ಹಿರಿಯರನ್ನೆಲ್ಲ ಈ ಊರು ‘ಮದ್ರಾಸಿ’ ಎಂದು ಒಂದೇ ಗೋಣಿಗೆ ತುಂಬಿದಾಗ ನಮಗೆ ಹೇಗಾಗಿತ್ತು?

ನಾವೂ ಹದಿನಾರರ ವಯಸ್ಸಿನಲ್ಲಿ ಏಳನೆಯ ಇಯತ್ತೆಯ ವಿದ್ಯೆ ಹೊತ್ತು ಠಾಣೆಯಲ್ಲಿ ಇಳಿದವರು. ಮೋರಿಯಲ್ಲಿ ಪಾತ್ರೆ ತಿಕ್ಕುತ್ತ ಒಂದು ರಾತ್ರಿ ‘ಬಚ್ಚುಂಡು’ ಎಂದೆವು. ಪಕ್ಕದಲ್ಲಿದ್ದ ಉತ್ತರದ ಭಯ್ಯಾ “ಹೌದು, ನೀನು ಬಚ್ಚಾನೇ” ಎಂದು ನಕ್ಕನು. ಆ ನಗೆ ಈಗಲೂ ಕಿವಿಯಲ್ಲಿದೆ. ನಮ್ಮ ಪುಣ್ಯಕ್ಕೆ ಅಲ್ಲಿ ಕುಂದಾಪುರದ ಒಬ್ಬ ಮುದುಕರಿದ್ದರು. ಅವರು ತುಳು ಬಲ್ಲವರು. “ಹೋಗಿ ಮಲಕ್ಕೊ ಮಗಾ, ಉಳಿದದ್ದು ನಾ ಕಾಣ್ತೆ” ಎಂದರು. ಅಛಾಮದಿಂದಲೋ ಬಝಾಂಗದಿಂದಲೋ ಒಬ್ಬನೇ ಬಂದ ಹುಡುಗನಿಗೆ ಅಂತಹ ಮುದುಕರು ಎಲ್ಲಿ ಸಿಗಬೇಕು?

ಅವರು ಕದ್ದು ಬಂದವರಲ್ಲ. 1950ರ ಭಾರತ-ನೇಪಾಳ ಒಪ್ಪಂದದಂತೆ ಇಲ್ಲಿ ಇರುವುದಕ್ಕೂ ದುಡಿಯುವುದಕ್ಕೂ ಅವರಿಗೆ ವೀಸಾ ಬೇಕಿಲ್ಲ. ಅವರ ನುಡಿಯೂ ಪರಕೀಯವಲ್ಲ. 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ನಮ್ಮ ಕರಾವಳಿಯ ಕೊಂಕಣಿ ಸೇರಿದ ತಿದ್ದುಪಡಿಯಲ್ಲಿಯೇ ನೇಪಾಳಿಯೂ ಸೇರಿತು.

ಗಿರಣಿಯ ಬಂಧುಗಳು ಇದು ಹೋಟೆಲಿನವರ ವಿಷಯ ಎಂದು ಪುಟ ಮಗುಚಬಾರದು. ಲಾಲ್‌ಬಾಗ್, ಪರೇಲದ ಗಿರಣಿಗಳಲ್ಲಿ ದುಡಿದು ಡೊಂಬಿವಲಿಗೆ ಬಂದು ನೆಲೆಸಿದ ಹಿರಿಯರು ಹೇಳುವುದುಂಟು: ಅಲ್ಲಿ ಭೋಂಗಾ ಆದರೆ ಪಾಳಿ ಮುಗಿಯಿತು, ದಣಿವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೋಟೆಲಿಗೆ ಭೋಂಗಾ ಇಲ್ಲ. ಗಿರಾಕಿ ಏಳುವವರೆಗೆ ದಿನ ಮುಗಿಯುವುದಿಲ್ಲ. ಅಂಗಡಿಗಳ ಬಗ್ಗೆ ಮಹಾರಾಷ್ಟ್ರವು 2017ರಲ್ಲಿ ಮಾಡಿದ ಕಾಯದೆಯಲ್ಲಿ, ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ತಾಸಾದರೂ ವಿರಾಮ ಕೊಡಬೇಕು ಎಂದು ಬರೆದಿತ್ತು. ಆ ಹುಡುಗನಿಗೆ ಇದನ್ನು ಅವನ ಮಾತಿನಲ್ಲಿ ಯಾರೂ ಓದಿ ಹೇಳಲಿಲ್ಲ. ನಮ್ಮ ಸಂಘವೂ ಹೇಳಲಿಲ್ಲ. ಈ ತಪ್ಪನ್ನು ಒಪ್ಪಿಕೊಂಡೇ ನಾವು ಬರೆಯುತ್ತಿದ್ದೇವೆ.

ಅವರು ಹಿಂದಿ ಕಲಿಯಲಿ ಎಂದು ಧಣಿಗಳು ಹೇಳುತ್ತಾರೆ. ಕಲಿಯುತ್ತಾರೆ, ಮೂರು ತಿಂಗಳಲ್ಲಿ. ಕೈ ಸುಟ್ಟದ್ದು ಮೊದಲನೆಯ ತಿಂಗಳಿನಲ್ಲಿ. ಅವರು ಕಡಿಮೆ ಸಂಬಳಕ್ಕೆ ಬಂದು ನಮ್ಮ ಕೆಲಸ ಕಸಿಯುತ್ತಾರೆ ಎಂದು ನಮ್ಮವರೇ ಕೆಲವರು ತುರ್ಭೆಯ ಸಭೆಯಲ್ಲಿ ಹೇಳಿದರು. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವನು ಅಗ್ಗವಾದುದು ಏತಕ್ಕೆ? ಸಾಕು ಎಂದು ಹೇಳಲು ಬಾರದವನನ್ನು 14 ತಾಸು ದುಡಿಸಬಹುದು. ಅವನಿಗೆ ಹಾಕಿದ ಅಳತೆಯನ್ನೇ ನಾಳೆ ಧಣಿ ನಮ್ಮ ಮುಂದೆಯೂ ಹಿಡಿಯುತ್ತಾನೆ.

ಹುಡುಗನ ಕೈ ಮಾಗಿದೆ, ಕಲೆ ಉಳಿದಿದೆ. ಭಟ್ರು ಈಗ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ “ಥಕಾಯಿ ಲಾಗ್ಯೊ?” ಎಂದು ತಾವೇ ಕೇಳುತ್ತಾರೆ. ಅವರ ಉಚ್ಚಾರಕ್ಕೆ ಹುಡುಗ ನಗುತ್ತಾನಂತೆ. ನಗಲಿ.

ವಿರಾಮದ ನಿಯಮವನ್ನೂ ಮೇಲಿನ ಮಾತುಗಳನ್ನೂ ನೇಪಾಳಿಯಲ್ಲಿ ಬರೆಸಿ ಚೀಟಿ ಅಚ್ಚು ಹಾಕಿಸಿದ್ದೇವೆ. ಲಿಪಿ ಮರಾಠಿಯದೇ ಆದುದರಿಂದ ಯಾರಾದರೂ ಓದಿ ಹೇಳಬಹುದು. ಕಾರ್ಯಾಲಯದಿಂದ ಒಯ್ಯಿರಿ. ಗಲ್ಲೆಯ ಪಕ್ಕದಲ್ಲಿ ಅಂಟಿಸಬೇಡಿರಿ, ಅಲ್ಲಿ ಅದನ್ನು ಓದುವವರು ಬೇರೆ. ಮೋರಿಯ ಮೇಲಿನ ಗೋಡೆಗೆ ಅಂಟಿಸಿರಿ.